ದಾವಣಗೆರೆ ವಿದ್ಯಾನಗರ ಕಡೆ ಭಾನುವಾರದ ಫುಟ್‌ಬಾಲ್ ಕ್ವಿಜ್: ಪ್ರಶ್ನೆ ಮಸ್ತ್, ಜೆರಾಕ್ಸ್ ದರಿದ್ರ

ಮೊದ್ಲೇ ಹೇಳಿಬಿಡ್ತೀನಿ, ನಾವು ಗೆಲ್ಲಲಿಲ್ಲ, ಒಂದೇ ಒಂದು ಪಾಯಿಂಟಲ್ಲಿ ಸೋತ್ವಿ, ಆ ಹೊಟ್ಟೆಉರಿ ಅಲ್ಲಲ್ಲಿ ಕಂಡ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ಕೆಫೆ ಹೆಸರು ಹಾಕಲ್ಲ, ಹುಡುಗ್ರು ಈಗಷ್ಟೇ ಶುರು ಮಾಡ್ಯಾರೆ, ಆ ಕಡೆ ಓಡಾಡೋರಿಗೆ ಹೆಂಗೂ ಗೊತ್ತಾಗುತ್ತೆ.

ನಾಲ್ಕು ಜನರ ಟೀಮಿಗೆ 400 ರೂಪಾಯಿ, ಅದ್ರಲ್ಲೇ ತಲಾ ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ, ಒಂದು ಟೀ. ವಿನಯ್ ಕುಮಾರ್ ಊರಿದು, ಕ್ರಿಕೆಟ್ ಅಂದ್ರೆ ಜನ ಸೇರ್ತಾರೆ, ಫುಟ್‌ಬಾಲ್ ಕ್ವಿಜ್‌ಗೆ ಯಾವನು ಬರ್ತಾನೆ ಅನ್ಕೊಂಡು ಹೋದ್ರೆ 11 ಟೀಮು, ಅರ್ಧಕ್ಕರ್ಧ ಹಾಸ್ಟೆಲ್ ಹುಡುಗ್ರು, ಒಂದು ಟೇಬಲಲ್ಲಿ ಅಪ್ಪ ಮಗಳು ಇಬ್ರೇ ಒಂದು ಟೀಮು. ಅವತ್ತಿನ ಟಾಪಿಕ್ಕು ಕ್ಲಬ್ ಟೀಮುಗಳಲ್ಲಿ ಯಾವ್ಯಾವ ದೇಶದವ್ರು ಆಡ್ತಾರೆ ಅನ್ನೋದು. ಕೇಳೋಕೆ ಬೋರು ಅನ್ಸುತ್ತೆ, ಆದ್ರೆ ಮೂರು ತಾಸು ಹೆಂಗೆ ಹೋಯ್ತು ಗೊತ್ತಾಗ್ಲಿಲ್ಲ.

ಫಸ್ಟ್ ರೌಂಡಿನ ಐಡಿಯಾ ನಿಜವಾಗ್ಲೂ ಸೂಪರ್. ಹೆಸರು ಇಲ್ಲ, ಜರ್ಸಿ ಇಲ್ಲ, ಗೋಲ್‌ಕೀಪರ್‌ನಿಂದ ಫಾರ್ವರ್ಡ್ ತನಕ ಒಬ್ಬೊಬ್ಬರ ಜಾಗದಲ್ಲಿ ಅವರವರ ದೇಶದ ಬಾವುಟ ಮಾತ್ರ ಇಡ್ತಾರೆ, ನೋಡಿ ಯಾವ ಟೀಮು ಯಾವ ಮ್ಯಾಚು ಅಂತ ಹೇಳ್ಬೇಕು. ಟಿವಿಲಿ ತೋರಿಸೋ ಪ್ಲಾನಿತ್ತಂತೆ, ಕೇಬಲ್ ಕೈಕೊಡ್ತು, ಹುಡುಗನೊಬ್ಬ ಓಡಿಹೋಗಿ ಜೆರಾಕ್ಸ್ ಮಾಡಿಸ್ಕೊಂಡು ಬಂದ, ಬ್ಲಾಕ್ ಆಂಡ್ ವೈಟು. ಬಣ್ಣ ಇಲ್ಲದ ಬಾವುಟ ಅಂದ್ರೆ ಏನ್ ಹೇಳ್ರಿ, ಬರೀ ಪಟ್ಟೆ. ಫ್ರಾನ್ಸ್, ಇಟಲಿ, ರೊಮೇನಿಯಾ, ನೈಜೀರಿಯಾ ನಾಲ್ಕೂ ಉದ್ದುದ್ದ ಮೂರು ಪಟ್ಟೆ. ನಮ್ಮ ಕೈಗೆ ಬಂದ ಶೀಟಲ್ಲಿ 11ರಲ್ಲಿ ಆರು ಬಾವುಟ ಹಿಂಗೇ ಇದ್ವು! ಮುಂದ್ಗಡೆ ಸೂರ್ಯ ಇರೋದೊಂದು ಇತ್ತು, ಮೂರೂ ಜನ ಅರ್ಜೆಂಟೀನಾ ಅರ್ಜೆಂಟೀನಾ ಅಂತ ಕುಂತ್ರು, ಅಲ್ಲೋ ಮಾರಾಯ ಸೂರ್ಯ ಮಧ್ಯದಲ್ಲಿಲ್ಲ ಮೂಲೆಲೈತೆ, ಉರುಗ್ವೆ ಅದು ಅಂತ ನಾನು ಹೇಳಿದ್ಮೇಲೆ ಗಂಟು ಬಿಚ್ಚಿಕೊಳ್ತು. ಉರುಗ್ವೆ ಪಕ್ಕ ಒಂದು ನಾರ್ವೆ ಶಿಲುಬೆ. ಉರುಗ್ವೆ ಅಂದ್ರೆ ಪೊಯೆಟ್, ನಾರ್ವೆ ಅಂದ್ರೆ ಫ್ಲೋ. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬು!

1999ರ ಡಿಸೆಂಬರ್ 26, ಸೌತಾಂಪ್ಟನ್ ಗ್ರೌಂಡಲ್ಲಿ ಆಡಿದ ಮ್ಯಾಚು. ಇಂಗ್ಲೆಂಡಿನ ಟಾಪ್ ಲೀಗಲ್ಲಿ ಶುರುವಿನ ಹನ್ನೊಂದೂ ಜನ ಹೊರಗಿನವ್ರೇ ಆಗಿದ್ದು ಅದೇ ಫಸ್ಟು, ಕೋಚ್ ವಿಯಾಲಿ, ಆತನೂ ಇಟಲಿಯವನು. ಗೋಲಲ್ಲಿ ಡಚ್ಚಿನ ಡಿ ಹುಯ್, ಹಿಂದೆ ಸ್ಪೇನಿನ ಫೆರರ್, ನೈಜೀರಿಯಾದ ಬಾಬಾಯಾರೊ, ಬ್ರೆಜಿಲಿನ ಎಮರ್ಸನ್ ಥೋಮೆ, ಫ್ರಾನ್ಸಿನ ಲೆಬಫ್, ಆಮೇಲೆ ರೊಮೇನಿಯಾದ ಪೆಟ್ರೆಸ್ಕು, ಫ್ರಾನ್ಸಿನ ಡೆಶಾಂಪ್, ಇಟಲಿಯ ಡಿ ಮಟೆಯೊ ಮತ್ತೆ ಅಂಬ್ರೊಸೆಟ್ಟಿ, ಕೊನೆಗೆ ನಮ್ಮ ಉರುಗ್ವೆ, ನಾರ್ವೆ. 2-1ರಲ್ಲಿ ಗೆದ್ರು, ಎರಡೂ ಗೋಲು ಫ್ಲೋದು. ಏಳು ವರ್ಷ ಹಿಂದಕ್ಕೆ ಹೋಗಿ, 1992ರ ಆಗಸ್ಟಲ್ಲಿ ಇದೇ ಟಾಪ್ ಲೀಗು ಪ್ರೀಮಿಯರ್ ಲೀಗ್ ಅಂತ ಶುರುವಾದಾಗ ಫಸ್ಟ್ ವೀಕೆಂಡ್ ಅಷ್ಟೂ ಟೀಮು ಸೇರಿ ಶುರುವಿನ ಹನ್ನೊಂದರಲ್ಲಿ ಬ್ರಿಟನ್ ಐರ್ಲೆಂಡ್ ಹೊರಗಿನವ್ರು ಇದ್ದಿದ್ದು ಬರೀ 13 ಜನ.

ಮಧ್ಯದಲ್ಲಿ ಏನಾಯ್ತು ಅಂತ ಕ್ವಿಜ್ ಮಾಸ್ಟರ್ ಟೀ ಹಂಚ್ತಾ ಹಂಚ್ತಾ ಹೇಳಿದ್ದು ನಂಗೆ ಅವತ್ತಿನ ಬೆಸ್ಟ್ ಭಾಗ, ಅದಕ್ಕೆ ಪಾಯಿಂಟೂ ಇರ್ಲಿಲ್ಲ. ಬಾಸ್ಮನ್ ಅಂತ ಬೆಲ್ಜಿಯಂ ಪ್ಲೇಯರು, ಲಿಯೇಜ್ ಕ್ಲಬ್ಬಲ್ಲಿ ಕಾಂಟ್ರ್ಯಾಕ್ಟ್ ಮುಗಿದಿತ್ತು, ಫ್ರಾನ್ಸಿನ ಡಂಕರ್ಕ್‌ಗೆ ಹೋಗ್ಬೇಕು ಅಂದ, ಹಳೇ ಕ್ಲಬ್ಬು ದುಡ್ಡು ಇಡದೆ ಬಿಡಲ್ಲ ಅಂತು, ಆತ ಕೋರ್ಟಿಗೆ ಹೋದ. 1995ರ ಡಿಸೆಂಬರ್ 15ಕ್ಕೆ ತೀರ್ಪು ಬಂತು, ಕಾಂಟ್ರ್ಯಾಕ್ಟ್ ಮುಗಿದ್ಮೇಲೆ ದುಡ್ಡು ಕೇಳೋ ಹಂಗಿಲ್ಲ, ಜೊತೆಗೆ ಯುರೋಪಿಯನ್ ಯೂನಿಯನ್ ದೇಶದ ಪ್ಲೇಯರ್‌ಗಳಿಗೆ ಫಾರಿನರ್ ಅಂತ ಲಿಮಿಟ್ ಹಾಕೋ ಹಂಗೂ ಇಲ್ಲ. ಅದಕ್ಕೂ ಮುಂಚೆ ಯುರೋಪಿನ ಟೂರ್ನಿಗಳಲ್ಲಿ ಮೂರು ಜನ ಫಾರಿನರ್ಸು, ಜೊತೆಗೆ ಅಲ್ಲೇ ಆಡಿ ಬೆಳೆದ ಇಬ್ರು, ಅಷ್ಟೇ. ಇಂಗ್ಲೆಂಡ್ ಕ್ಲಬ್ಬಿಗೆ ಸ್ಕಾಟ್ಲೆಂಡ್ ವೇಲ್ಸಿನವ್ರೂ ಹೊರಗಿನವ್ರ ಲೆಕ್ಕ, ತಮಾಷೆ ನೋಡಿ. 1994ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಾರ್ಸಿಲೋನಾಗೆ ಹೋದಾಗ ಈ ಲೆಕ್ಕಕ್ಕೆ ಹೆದರಿ ಡೆನ್ಮಾರ್ಕಿನ ಶ್ಮೈಕಲ್‌ನಂಥ ಗೋಲ್‌ಕೀಪರ್‌ನೇ ಹೊರಗೆ ಕೂರಿಸಿ ಆಡ್ತು, ನಾಲ್ಕು ಗೋಲು ತಿಂದು ಬಂತು. ಇದನ್ನ ಕೇಳ್ತಾ ಮಿರ್ಚಿ ಆರಿಹೋಗಿದ್ದೂ ಗೊತ್ತಾಗ್ಲಿಲ್ಲ ನಂಗೆ.

ಈಗ ಗಲಾಟೆಗೆ ಬರೋಣ. ಎರಡನೇ ರೌಂಡಲ್ಲಿ ಪ್ರೀಮಿಯರ್ ಲೀಗಲ್ಲಿ ಪೂರ್ತಿ ಫಾರಿನ್ ಹನ್ನೊಂದನ್ನ ಮೊದಲು ಇಳಿಸಿದ ಕ್ಲಬ್ ಯಾವುದು ಅಂತ ಕೇಳಿದ್ರು. ಚೆಲ್ಸಿ ಅಂತ ಬರೆದ್ವಿ. ಉತ್ತರದ ಚೀಟಿಲಿ ಆರ್ಸೆನಲ್! ಅಲ್ರೀ, ಅರ್ಧ ತಾಸಿನ ಹಿಂದೆ ನೀವೇ ಕೊಟ್ಟ ಜೆರಾಕ್ಸು ಟೇಬಲ್ ಮೇಲೆ ಐತೆ. ಆರ್ಸೆನಲ್ ಕಥೆ ಬೇರೆ, 2005ರ ಫೆಬ್ರುವರಿ 14, ಕ್ರಿಸ್ಟಲ್ ಪ್ಯಾಲೇಸ್ ಮೇಲೆ, ಆಡೋರ ಜೊತೆ ಬೆಂಚಲ್ಲಿರೋ ಐದು ಜನಾನೂ ಸೇರಿಸಿ 16ರಲ್ಲಿ ಒಬ್ಬನೂ ಇಂಗ್ಲಿಷಿನವನಿಲ್ಲ, ಫ್ರಾನ್ಸಿನವ್ರೇ ಆರು ಜನ, 5-1. ಕ್ವಿಜ್ ಮಾಸ್ಟರ್ ತಲೆ ಕೆರ್ಕೊಂಡು ಒಪ್ಕೊಂಡ, ಪಾಯಿಂಟ್ ಕೊಟ್ಟ, ದೊಡ್ಡ ಮನಸ್ಸು. ಆದ್ರೆ ಚೀಟಿ ಮೇಲಿದ್ದ ನಂಬಿಕೆ ಅಲ್ಲಿಗೆ ಹೋಯ್ತು.

ಆಮೇಲಿಂದು, ಬರೀ ಸ್ಪೇನ್ ದೇಶದವ್ರನ್ನೇ ಆಡಿಸೋ ಕ್ಲಬ್ ಯಾವುದು. ಅವ್ರಿಗೆ ಬೇಕಿದ್ದ ಉತ್ತರ ಅಥ್ಲೆಟಿಕ್ ಬಿಲ್ಬಾವೊ ಅಂತ ನಮಗೂ ಗೊತ್ತಿತ್ತು, ಆದ್ರೆ ನಮ್ಮ ಟೀಮಿನ ಹರಪನಹಳ್ಳಿ ಹುಡುಗ ಹಟಕ್ಕೆ ಬಿದ್ದು ಅಂಥ ಕ್ಲಬ್ಬೇ ಇಲ್ಲ ಅಂತ ಬರೆದ. ಅವನು ಹೇಳೋದು ಕರೆಕ್ಟೇ. ಬಿಲ್ಬಾವೊದವ್ರು 1912ರಿಂದ ನೋಡ್ಕೊಂಡು ಬಂದಿರೋದು ಸ್ಪೇನ್ ಫ್ರಾನ್ಸ್ ಗಡಿಯ ಬಾಸ್ಕ್ ನಾಡಿನವನಾ ಅಂತ, ಸ್ಪೇನಿನವನಾ ಅಂತಲ್ಲ. ಅಲ್ಲಿ ಹುಟ್ಟಿರ್ಬೇಕು ಇಲ್ಲಾ ಅಲ್ಲಿ ಆಟ ಕಲಿತಿರ್ಬೇಕು. ಇನ್ಯಾಕಿ ವಿಲಿಯಮ್ಸ್ ಹುಟ್ಟಿದ್ದು ಬಿಲ್ಬಾವೊದಲ್ಲೇ, ಆಡೋದು ಘಾನಾಗೆ, ಅವನ ಸ್ವಂತ ತಮ್ಮ ನಿಕೊ ಆಡೋದು ಸ್ಪೇನಿಗೆ. ಒಂದೇ ಮನೆ, ಒಂದೇ ಕ್ಲಬ್ಬು, ಎರಡು ದೇಶ. ಇಷ್ಟು ಹೇಳಿದ್ರೂ ಸೊನ್ನೆ.

ನನ್ನ ತಕರಾರು ಇರೋದೇ ಇಲ್ಲಿ. 'ಯಾವ ದೇಶದವನು' ಅಂತ ಕೇಳೋರು ಹುಟ್ಟಿದ ಊರಾ, ಪಾಸ್‌ಪೋರ್ಟಾ, ಆಡೋ ನ್ಯಾಷನಲ್ ಟೀಮಾ ಅಂತ ಮೊದ್ಲೇ ಹೇಳ್ಬೇಕು. ನಮ್ಮವ್ರು ಐಪಿಎಲ್ ನೋಡಿ ನೋಡಿ ನಾಲ್ಕು ಜನ ಫಾರಿನ್ನು ಉಳಿದವ್ರು ಲೋಕಲ್ಲು ಅಂತ ಸುಲಭ ಲೆಕ್ಕಕ್ಕೆ ಬಿದ್ದಾರೆ, ಫುಟ್‌ಬಾಲಲ್ಲಿ ಅದು ನಡೆಯಲ್ಲ. ಓವನ್ ಹಾರ್‌ಗ್ರೀವ್ಸ್ ಹುಟ್ಟಿದ್ದು ಕೆನಡಾದಲ್ಲಿ, ಕ್ಲಬ್ಬು ಜರ್ಮನಿಯ ಬಯರ್ನ್, ಆಡಿದ್ದು ಇಂಗ್ಲೆಂಡಿಗೆ. ಯಾವ ಬಾವುಟ ಇಡ್ತೀರಿ ಅವನಿಗೆ? ಜೆರಾಕ್ಸಲ್ಲಾದ್ರೂ!

ಇದೇ ಮಾತು ಇಂಟರ್ ಮಿಲಾನ್ ಪ್ರಶ್ನೆಲಿ ಇನ್ನೂ ಮಜಾ ಆಯ್ತು. 1908ರಲ್ಲಿ ಹೊರದೇಶದವ್ರನ್ನ ಸೇರಿಸ್ಕೊಳ್ಳೋ ಜಗಳದಲ್ಲೇ ಮಿಲಾನ್ ಕ್ಲಬ್ ಬಿಟ್ಟು ಬಂದು ಕಟ್ಟಿದ ಕ್ಲಬ್ಬದು, ಹೆಸರೇ ಇಂಟರ್‌ನ್ಯಾಷನಾಲೆ. 2010ರ ಚಾಂಪಿಯನ್ಸ್ ಲೀಗ್ ಫೈನಲ್ಲಲ್ಲಿ ಅವರ ಶುರುವಿನ ಹನ್ನೊಂದರಲ್ಲಿ ಇಟಲಿಯವನು ಒಬ್ಬನೂ ಇಲ್ಲ, ಅರ್ಜೆಂಟೀನಾದವ್ರೇ ನಾಲ್ಕು ಜನ, ಕೊನೇಲಿ ಇನ್ನೇನು ಸೀಟಿ ಊದಬೇಕು ಅನ್ನೋವಾಗ ಇಟಲಿಯ ಮಟೆರಾಜಿ ಬಂದ, ಜಿದಾನ್ ಯಾರಿಗೆ ತಲೇಲಿ ಗುದ್ದಿದ್ನೋ ಅದೇ ಮನುಷ್ಯ. ಬೋನಸ್ ಪ್ರಶ್ನೆ, ಅದೇ ಫೈನಲ್ಲಲ್ಲಿ ಸಬ್ ಆಗಿ ಬಂದವನೊಬ್ಬ ಮೂರು ದೇಶದ ಹೆಸರಲ್ಲಿ ವರ್ಲ್ಡ್ ಕಪ್ ಆಡ್ಯಾನೆ, ಯಾರು? ಸ್ಟಾಂಕೊವಿಚ್. 1998ರಲ್ಲಿ ಯುಗೊಸ್ಲಾವಿಯಾ, 2006ರಲ್ಲಿ ಸರ್ಬಿಯಾ ಮತ್ತು ಮಾಂಟೆನೆಗ್ರೊ, 2010ರಲ್ಲಿ ಬರೀ ಸರ್ಬಿಯಾ. ದೇಶ ಬಿಟ್ಟು ಅವನು ಹೋಗಿಲ್ಲ, ದೇಶಾನೇ ಅವನನ್ನ ಬಿಟ್ಟು ಹೋಗ್ತಾ ಇತ್ತು. ನಮ್ಮ ಹರಪನಹಳ್ಳಿಯವನು ಎದ್ದು ನಿಂತು, 'ಸರ್ ನಮ್ಮೂರು ಬಳ್ಳಾರಿ ಜಿಲ್ಲೆ ಇತ್ತು, 1997ರಲ್ಲಿ ದಾವಣಗೆರೆ ಆಯ್ತು, ಆಮೇಲೆ ತಿರುಗಿ ಬಳ್ಳಾರಿ, ಈಗ ವಿಜಯನಗರ, ನಮ್ಮ ಮನೆ ಮಾತ್ರ ಒಂದಿಂಚೂ ಅಲ್ಲಾಡಿಲ್ಲ, ನಾನು ಯಾವ ಟೀಮು?' ಅಂದ. ಇಡೀ ಕೆಫೆ ಬಿದ್ದು ಬಿದ್ದು ನಕ್ತು. ಅಂದಹಾಗೆ 1997ಕ್ಕೆ ಮುಂಚೆ ಇಲ್ಲೇ ಹುಟ್ಟಿದ ನಾವೂ ದಾಖಲೇಲಿ ಚಿತ್ರದುರ್ಗ ಜಿಲ್ಲೆಯವ್ರೇ.

ಹೋಮ್‌ಗ್ರೋನ್ ಪ್ರಶ್ನೇನೂ ಚೆನ್ನಾಗಿತ್ತು. ಪ್ರೀಮಿಯರ್ ಲೀಗಲ್ಲಿ 25 ಜನರ ಪಟ್ಟಿಲಿ ಹೋಮ್‌ಗ್ರೋನ್ ಅಲ್ಲದವ್ರು 17 ಮೀರಂಗಿಲ್ಲ, ಆದ್ರೆ 21 ತುಂಬೋಕೆ ಮುಂಚೆ ಮೂರು ವರ್ಷ ಅಲ್ಲಿನ ಕ್ಲಬ್ಬಲ್ಲಿ ಬೆಳೆದ್ರೆ ಯಾವ ದೇಶದವನಾದ್ರೂ ಹೋಮ್‌ಗ್ರೋನ್. 16ಕ್ಕೇ ಆರ್ಸೆನಲ್‌ಗೆ ಬಂದ ಫಾಬ್ರೆಗಾಸ್ ಸ್ಪೇನಿಗೆ ವರ್ಲ್ಡ್ ಕಪ್ ಗೆದ್ರೂ ಇಂಗ್ಲೆಂಡ್ ಲೆಕ್ಕದಲ್ಲಿ ಮನೆ ಮಗ. ನಮ್ಮ ಬೆಣ್ಣೆ ದೋಸೆ ಥರಾನೇ, ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮನೋರು ಇಲ್ಲಿ ಶುರು ಮಾಡಿದ್ದು ಅಂತಾರೆ, ಈಗ ಯಾವನಾದ್ರೂ ಅದು ದಾವಣಗೆರೇದಲ್ಲ ಅಂತ ಹೇಳ್ಲಿ ನೋಡೋಣ.

ಸೋತಿದ್ದು ಕೊನೇ ಪ್ರಶ್ನೇಲಿ. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಸ್ಕಾಟ್ಲೆಂಡಿನ ಸೆಲ್ಟಿಕ್ ಟೀಮಿನ ಆಟಗಾರರೆಲ್ಲ ತಮ್ಮ ಗ್ರೌಂಡಿಂದ ಎಷ್ಟು ದೂರದೊಳಗೆ ಹುಟ್ಟಿದವ್ರು, ಹತ್ರ ಹೇಳಿದವ್ರಿಗೆ ಪಾಯಿಂಟು. 50 ಕಿಲೋಮೀಟರ್ ಅಂತ ಬರೆದ್ವಿ. ಉತ್ತರ 30 ಮೈಲಿ, ಅಂದ್ರೆ 48 ಕಿಲೋಮೀಟರ್, ಆ ಲೆಕ್ಕಕ್ಕೆ ನಾವು ಟೀಮು ಕಟ್ಟಿದ್ರೆ ಹರಿಹರ ರಾಣೆಬೆನ್ನೂರಿನವನು ಸಿಗ್ತಾನೆ, ದುರ್ಗದವನು ಸಿಗಲ್ಲ. ಪಕ್ಕದ ಟೇಬಲಿನವ್ರು 30 ಕಿಲೋಮೀಟರ್ ಅಂತ ಬರೆದಿದ್ರು, ಚೀಟಿಲಿ ಬರೀ 30 ಅಂತ ಇತ್ತು, ಪಾಯಿಂಟು ಅವ್ರಿಗೆ ಹೋಯ್ತು! ಮೈಲಿ ಅಂತ ಎಷ್ಟು ಬಾಯಿ ಬಡ್ಕೊಂಡ್ರೂ ಮೈಕ್ ಕ್ವಿಜ್ ಮಾಸ್ಟರ್ ಕೈಲಿತ್ತು. ಪ್ರೈಜು ಫ್ರೀ ದೋಸೆ ಕೂಪನ್ನು, ಗೆದ್ದ ಹುಡುಗ್ರು ಒಂದು ನಮಗೂ ಕೊಡೋಕೆ ಬಂದ್ರು, ತಗೊಂಡ್ವಿ, ಸ್ವಾಭಿಮಾನ ಬೇರೆ ಹೊಟ್ಟೆ ಬೇರೆ.

ಉಳಿದಿದ್ದು ಬೇಗ ಹೇಳ್ತೀನಿ. ಮಂಡಕ್ಕಿ ಗರಿಗರಿ, ಖಾರ ಸರಿಯಾಗಿತ್ತು, ಮಿರ್ಚಿ ಬಿಸಿ ಇದ್ದಾಗ್ಲೇ ತಿನ್ರಿ. ಟೀ ನೀರು. ಬೈಕ್ ಪಾರ್ಕಿಂಗ್ ಗೋಳು. ಏಳಕ್ಕೆ ಅಂತಾರೆ, ಏಳೂಮುಕ್ಕಾಲಿಗೆ ಶುರು. ಐದಕ್ಕೆ ಮೂರೂವರೆ ಕೊಡ್ತೀನಿ, ಕಲರ್ ಪ್ರಿಂಟ್ ಹಾಕಿಸಿದ ದಿನ ನಾಲ್ಕು. ಬರೋ ಭಾನುವಾರಕ್ಕೂ ಹೆಸರು ಕೊಟ್ಟು ಬಂದೀವಿ, ಹರಪನಹಳ್ಳಿಯವನು ಮೈಲಿಗೆ ಎಷ್ಟು ಕಿಲೋಮೀಟರ್ ಅಂತ ದೊಡ್ಡ ಅಕ್ಷರದಲ್ಲಿ ಬರ್ಕೊಂಡು ಜೇಬಲ್ಲಿ ಇಟ್ಕೊಂಡಾನೆ.