ಜನಾಂಗದ ಮೇಲೆ ಪ್ರಬಂಧ: ಓಮಿ-ವಿನಾಂಟ್ ದಾರಿಯೋ, ಬೊನಿಲ್ಲಾ-ಸಿಲ್ವಾ ದಾರಿಯೋ?

ಜನಾಂಗ ಸಮಾಜವೇ ಕಟ್ಟಿದ್ದು ಎಂಬ ವಿಷಯದ ಪ್ರಬಂಧಕ್ಕೆ ಈ ಇಬ್ಬಗೆಯ ಸಿದ್ಧಾಂತಗಳಲ್ಲಿ ಯಾವ ಚೌಕಟ್ಟು ಹಿಡಿಯಲಿ ಅಂತ ಕೇಳಿದ್ದೀರಿ. ಮೊದಲು ನಿಮ್ಮ ಪ್ರಶ್ನೆ ಯಾವುದು ನೋಡಿಕೊಳ್ಳಿ.

ಜನಾಂಗ ಎಂಬ ಗುಂಪುಗಳು ಹೇಗೆ ಹುಟ್ಟಿದವು, ಹೇಗೆ ಬದಲಾದವು ಎಂಬುದಾದರೆ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮೈಕಲ್ ಓಮಿ, ಹೊವರ್ಡ್ ವಿನಾಂಟ್ 1986ರಲ್ಲಿ ಮುಂದಿಟ್ಟ 'ಜನಾಂಗ ರಚನೆ' (ಜನಾಂಗದ ಗುಂಪುಗಳನ್ನು ಸಮಾಜ, ಸರ್ಕಾರ ಕಟ್ಟುತ್ತ, ಬದಲಿಸುತ್ತ ಹೋಗುತ್ತವೆ ಎಂಬ ವಾದ) ಹೊಂದುತ್ತದೆ. ಅಮೆರಿಕದ 1930ರ ಜನಗಣತಿಯಲ್ಲಿ 'ಮೆಕ್ಸಿಕನ್' ಒಂದು ಜನಾಂಗ. 1940ರಲ್ಲಿ ಅದು ಪಟ್ಟಿಯಲ್ಲೇ ಇಲ್ಲ. ಹತ್ತು ವರ್ಷದಲ್ಲಿ ಜನರ ಮೈಬಣ್ಣವೇನೂ ಬದಲಾಗಲಿಲ್ಲ, ಅಲ್ವಾ? ಮೆಕ್ಸಿಕೋ ಸರ್ಕಾರವೂ ಅಲ್ಲಿನ ಮೆಕ್ಸಿಕನ್ ಮೂಲದವರೂ ಹಾಗೆ ಬೇರೆ ಜನಾಂಗವಾಗಿ ಎಣಿಸಿದ್ದನ್ನು ವಿರೋಧಿಸಿದ್ದರು. 1923ರಲ್ಲಿ, ಪೌರತ್ವ ಕೇಳಿದ್ದ ಭಾರತ ಮೂಲದ ಭಗತ್ ಸಿಂಗ್ ಥಿಂಡ್ 'ಬಿಳಿಯ' ಅಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೂ ಇಲ್ಲಿ ಒಳ್ಳೆಯ ಸರಕು.

ಗುಂಪುಗಳ ನಡುವೆ ಗೆರೆ ಎಳೆದ ಮೇಲೆ ಯಾರಿಗೆ ಏನು ದಕ್ಕುತ್ತದೆ ಎಂಬ ಪ್ರಶ್ನೆಗೆ ಸಮಾಜಶಾಸ್ತ್ರಜ್ಞ ಎಡ್ವಾರ್ಡೊ ಬೊನಿಲ್ಲಾ-ಸಿಲ್ವಾ 1997ರಲ್ಲಿ ಬರೆದದ್ದು ಜಾಸ್ತಿ ಉಪಯೋಗ. ಅವರಿಗೆ ವರ್ಣಭೇದವೆಂದರೆ ಸುಮ್ನೆ ಕೆಲವರ ಮನಸ್ಸಿನ ದ್ವೇಷವಲ್ಲ, ಸಮಾಜದ ರಚನೆಯೊಳಗೇ ಕೂತ ವ್ಯವಸ್ಥೆ. ಸಮಾಜಶಾಸ್ತ್ರಜ್ಞೆ ದೇವಾ ಪೇಜರ್ 2003ರಲ್ಲಿ ಪ್ರಕಟಿಸಿದ, ಅಮೆರಿಕದ ಮಿಲ್ವಾಕಿ ನಗರದ ಅಧ್ಯಯನ ಜೊತೆಗಿಡಿ: ಕೆಲಸಕ್ಕೆ ಅರ್ಜಿ ಹಾಕಿದಾಗ ಅಪರಾಧದ ದಾಖಲೆಯಿದ್ದ ಬಿಳಿಯರಿಗೆ ಶೇ 17 ಕಡೆಯಿಂದ ಮರುಕರೆ ಬಂತು, ದಾಖಲೆಯಿಲ್ಲದ ಕರಿಯರಿಗೆ ಶೇ 14.

ಸಾಮಗ್ರಿ? ಮೊದಲನೆಯದಕ್ಕೆ ಹಳೆಯ ದಾಖಲೆ, ತೀರ್ಪು ಓದುವ ತಾಳ್ಮೆ ಬೇಕು. ಎರಡನೆಯದಕ್ಕೆ ಅಂಕಿಅಂಶದ ಅಭ್ಯಾಸ ಇದ್ದರೆ ಸಲೀಸು.

ಕೊರತೆ ಎರಡರಲ್ಲೂ ಇದೆ. ಮೊದಲನೆಯದರಲ್ಲಿ ಸರ್ಕಾರದ ಕಡೆಗೇ ಕಣ್ಣು ಹೋಗಿ ದಿನನಿತ್ಯದ ಬದುಕು ತಪ್ಪಿಹೋಗಬಹುದು. ಎರಡನೆಯದರಲ್ಲಿ ಗುಂಪುಗಳು ಮೊದಲೇ ಇದ್ದವು ಎಂಬಂತೆ ಬರೆದುಬಿಡುವ ಅಪಾಯವಿದೆ. ಪುಟ ಕಡಿಮೆಯಿದ್ದರೆ ಎರಡನ್ನೂ ಬೆರೆಸಲು ಹೋಗಬೇಡಿ.