ಸಿಲಿಂಡರ್ ಬಿಟ್ಟು ಹೈಡ್ರೋಜನ್ ಜನರೇಟರ್‌ಗೆ ಬಂದ ಮೇಲೆ

ನಮ್ಮ ಲ್ಯಾಬ್‌ನ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ (ಮಿಶ್ರಣದಲ್ಲಿರುವುದನ್ನು ಬೇರೆಬೇರೆ ಮಾಡಿ ಅಳೆಯುವ ಯಂತ್ರ) ಹೈಡ್ರೋಜನ್ ಜನರೇಟರ್ ಹಾಕಿಸಿ ಎಂಟು ತಿಂಗಳಾಯಿತು. ನೋಡಲು ಕಂಪ್ಯೂಟರ್ ಸಿಪಿಯು ಗಾತ್ರದ ಪೆಟ್ಟಿಗೆ. ಒಳಗಿನ ಮೆಂಬ್ರೇನ್ ಕರೆಂಟಿನ ಬಲದಿಂದ ನೀರನ್ನು ಒಡೆದು ಹೈಡ್ರೋಜನ್ ಒಂದು ಕಡೆ, ಆಮ್ಲಜನಕ ಇನ್ನೊಂದು ಕಡೆ ಬಿಡುತ್ತದೆ. ನನಗೆ ಇಷ್ಟವಾಗಿದೆ, ಒಂದು ತಕರಾರು ಬಿಟ್ಟು.

ಮೊದಲು ಸಿಲಿಂಡರ್ ಇತ್ತು. 150 ಬಾರ್ ಒತ್ತಡದಲ್ಲಿ ಏಳು ಸಾವಿರ ಲೀಟರ್ ಗ್ಯಾಸ್ ಸುಮ್ನೆ ಮೂಲೆಯಲ್ಲಿ ನಿಂತಿರುತ್ತಿತ್ತು. ಬಣ್ಣ ಇಲ್ಲ, ವಾಸನೆ ಇಲ್ಲ, ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಎಷ್ಟು ಬೆರೆತಿದ್ದರೂ ಸಣ್ಣ ಕಿಡಿ ಸಾಕು, ಹತ್ತಿಕೊಳ್ಳುತ್ತದೆ. ರೆಗ್ಯುಲೇಟರ್ ಬದಲಿಸಿದಾಗಲೆಲ್ಲ (ಇದರ ಥ್ರೆಡ್ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು, ಎಷ್ಟು ವರ್ಷವಾದರೂ ಕೈ ಬಲಕ್ಕೇ ಹೋಗುತ್ತದೆ) ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ಕಾಯಬೇಕಿತ್ತು. ಜನರೇಟರ್ ಒಳಗೆ ಇರುವುದು ಲೋಟದಷ್ಟು ಗ್ಯಾಸೂ ಇಲ್ಲ. ಲೈನ್ ಲೀಕ್ ಆದರೆ ಕೂಗಿಕೊಂಡು ತಾನೇ ನಿಂತುಬಿಡುತ್ತದೆ.

ಖರ್ಚೂ ಕಡಿಮೆ. ಒಂದು ಲೀಟರ್ ನೀರಿಗೆ ಹೆಚ್ಚುಕಡಿಮೆ 1,240 ಲೀಟರ್ ಗ್ಯಾಸ್ ಬರುತ್ತದೆ. ಕ್ರೊಮ್ಯಾಟೋಗ್ರಾಫ್‌ನ ಡಿಟೆಕ್ಟರ್ (ಹೈಡ್ರೋಜನ್ ಉರಿಯಲ್ಲಿ ಸ್ಯಾಂಪಲ್ ಸುಟ್ಟು ಅಳೆಯುವ ಭಾಗ) ನಿಮಿಷಕ್ಕೆ 40 ಮಿಲಿಲೀಟರ್ ಕುಡಿಯುತ್ತದೆ, ಹಗಲು ರಾತ್ರಿ ಓಡಿಸಿದರೂ ಮೂರು ವಾರ ಬರಬೇಕು. ಡಿಟೆಕ್ಟರ್ ಹೊತ್ತಿದಾಗ ಟಪ್ ಅಂತ ಸದ್ದಾಗುತ್ತದೆ ಅಷ್ಟೇ, ಉರಿ ಕಣ್ಣಿಗೆ ಕಾಣುವುದಿಲ್ಲ. ಅನುಮಾನ ಬಂದರೆ ಹೊಳೆಯುವ ಸ್ಪ್ಯಾನರ್ ಒಂದನ್ನು ಮೇಲೆ ಹಿಡಿಯಿರಿ. ಮಂಜು ಕಟ್ಟಿದರೆ ಉರಿಯುತ್ತಿದೆ ಅಂತ ಅರ್ಥ. ಒಡೆದ ನೀರೇ ಮತ್ತೆ ನೀರಾಗಿ ಬಂತು ಅಲ್ವಾ!

ಈಗ ತಕರಾರು. ಜನರೇಟರ್‌ಗೆ ಡಿಅಯಾನೈಸ್ಡ್, ಅಂದರೆ ಕರಗಿದ ಲವಣ ತೆಗೆದ ನೀರೇ ಆಗಬೇಕು. ನಾನು ರಜೆಯಲ್ಲಿದ್ದಾಗ ಯಾರೋ ಕುಡಿಯುವ ನೀರಿನ ಫಿಲ್ಟರ್‌ನಿಂದ ಹಿಡಿದು ತುಂಬಿಸಿದರು. ಎರಡು ವಾರದಲ್ಲಿ ಒತ್ತಡ ಇಳಿಯುತ್ತಾ ಬಂತು, ಕೊನೆಗೆ ಮೆಂಬ್ರೇನ್ ಸೆಲ್ಲನ್ನೇ ಬದಲಿಸಬೇಕಾಯಿತು. ತಪ್ಪು ನಮ್ಮದೇ, ವಾರಂಟಿ ಕೊಡಲಿಲ್ಲ ಅಂತ ಜಗಳ ಮಾಡುವುದಿಲ್ಲ. ಆದರೆ ಇಷ್ಟು ನಾಜೂಕಿನ ಯಂತ್ರದ ನೀರಿನ ಮುಚ್ಚಳದ ಮೇಲೆ ಒಂದು ಎಚ್ಚರಿಕೆ ಅಂಟಿಸಲು ಏನು ಕಷ್ಟ? ಗ್ಯಾಸಿನ ತೇವ ಹೀರುವ ಸಿಲಿಕಾ ಜೆಲ್ ಕಿತ್ತಳೆಯಿಂದ ಹಸಿರಾದರೆ ಬದಲಿಸಿ ಅನ್ನುವುದೂ ಮ್ಯಾನುವಲ್‌ನ ಕೊನೆಯ ಪುಟದಲ್ಲಿದೆ.

ಅಮೋನಿಯಾ ಕಾರ್ಖಾನೆ, ಡೀಸೆಲ್‌ನಿಂದ ಗಂಧಕ ತೆಗೆಯುವ ರಿಫೈನರಿ, ಎಣ್ಣೆ ಗಟ್ಟಿ ಮಾಡಿ ವನಸ್ಪತಿ ಮಾಡುವವರು, ಇವರಿಗೆಲ್ಲ ಬೇಕಾಗುವಷ್ಟು ಹೈಡ್ರೋಜನ್‌ಗೆ ಈ ಪೆಟ್ಟಿಗೆ ಸಾಲುವುದಿಲ್ಲ. ದೊಡ್ಡವರು ನೈಸರ್ಗಿಕ ಅನಿಲಕ್ಕೆ ಹಬೆ ಕೊಟ್ಟು ಟನ್‌ಗಟ್ಟಲೆ ತಾವೇ ಮಾಡಿಕೊಳ್ಳುತ್ತಾರೆ. ಒಂದೆರಡು ಕ್ರೊಮ್ಯಾಟೋಗ್ರಾಫ್ ಇರುವ ಲ್ಯಾಬ್ ಆದರೆ ಧೈರ್ಯವಾಗಿ ತಗೊಳ್ಳಿ. ಐದಕ್ಕೆ ನಾಲ್ಕು. ಆ ಮುಚ್ಚಳದ ಮೇಲೆ ಈಗ ನಾನೇ ಮಾರ್ಕರ್‌ನಲ್ಲಿ ಬರೆದಿದ್ದೇನೆ.