ಹೋಳಿ ಕಲೆ ಹತ್ತಿದ ಅಂಗಿಗೆ ಯಾವ ಬಣ್ಣದ ಪುಡಿ? ಬಾಗಲಕೋಟೆ ಪೇಟೆಯಲ್ಲಿ ಸಿಗುವ ಎರಡನ್ನೂ ಬಳಸಿ ನೋಡಿದೆ

ಬಟ್ಟೆಗೆ ಮನೆಯಲ್ಲೇ ಬಣ್ಣ ಹಾಕುವ ಪುಡಿ ನಮ್ಮ ಬಾಗಲಕೋಟೆಯ ಹಳೇ ಊರಿನ ಪೇಟೆಯಲ್ಲಿ ಎರಡು ತರದ್ದು ಸಿಗುತ್ತದೆ. ಒಂದು ಕುದಿಸುವ ಪುಡಿ. ಸಣ್ಣ ಪೊಟ್ಟಣ, ಅಗ್ಗ, ಕಿರಾಣಿ ಅಂಗಡಿಯಲ್ಲೂ ಇರುತ್ತದೆ. ಇನ್ನೊಂದು ತಣ್ಣೀರಿನ ಪುಡಿ. ಇದು ಬಣ್ಣ, ಕೆಮಿಕಲ್ ಮಾರುವ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ತೂಕ ಮಾಡಿ ಕೊಡುತ್ತಾರೆ, ಬೆಲೆ ಜಾಸ್ತಿ, ಮೇಲೆ ವಾಷಿಂಗ್ ಸೋಡಾ ಬೇರೆ ಕೊಳ್ಳಬೇಕು. ಎರಡನ್ನೂ ಬಳಸಿದ್ದೇನೆ. ಹತ್ತಿ ಬಟ್ಟೆಗಾದರೆ ಕಣ್ಣು ಮುಚ್ಚಿಕೊಂಡು ತಣ್ಣೀರಿನದನ್ನೇ ತಗೊಳ್ಳಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಯಾಕಂದರೆ ಪೊಟ್ಟಣದ ಮೇಲೆ ಕನ್ನಡದಲ್ಲಿ ಒಂದಕ್ಷರವೂ ಇಲ್ಲ, ಯಾವ ಬಟ್ಟೆಗೆ ಹಿಡಿಯುತ್ತದೆ ಅನ್ನುವುದು ಇಂಗ್ಲಿಷಿನಲ್ಲೂ ಬರೆದಿಲ್ಲ. ದುಡ್ಡು ಕೊಟ್ಟು ಕೊಳ್ಳುವವರಿಗೆ ಅಷ್ಟಾದರೂ ತಿಳಿಸಬೇಕಲ್ವಾ?

ನಮ್ಮೂರಿನ ಹೋಳಿ ನಿಮಗೆ ಗೊತ್ತೇ ಇದೆ. ಬಂಡಿ, ಟ್ರ್ಯಾಕ್ಟರುಗಳ ಮೇಲೆ ಬ್ಯಾರಲ್ ಇಟ್ಟುಕೊಂಡು ದಿನಗಟ್ಟಲೆ ಬಣ್ಣ ಎರಚುವ ಊರು ಇದು. ಹಬ್ಬ ಮುಗಿದ ವಾರ ಯಾವ ಮನೆಯ ಹಗ್ಗ ನೋಡಿದರೂ ಹಸಿರು, ಗುಲಾಬಿ ಮಚ್ಚೆ ಬಿದ್ದ ಬಿಳಿ ಅಂಗಿಗಳು. ಗಟ್ಟಿಮುಟ್ಟಾದ ಹತ್ತಿ ಅಂಗಿಯನ್ನು ಕಲೆ ಹತ್ತಿತು ಅಂತ ನೆಲ ಒರೆಸಲು ಹಾಕುವುದು ನನಗೆ ಸಹಿಸದ ಮಾತು. ನೂಲು, ನೇಯ್ಗೆ, ಹೊಲಿಗೆ ಎಲ್ಲಾ ಚೆನ್ನಾಗಿರುತ್ತದೆ. ಕೆಟ್ಟಿರುವುದು ಬಣ್ಣ ಮಾತ್ರ.

ಅಂಗಡಿಯ ಕಾಕಾ ಪುಡಿ ತೂಗುವ ಮೊದಲೇ ಕೇಳಿದರು, "ಅರಿವಿ ಎಂಥಾದೈತ್ರಿ ಅಕ್ಕಾರ? ಹತ್ತೀದಾದ್ರ ಹಿಡಿತೈತಿ, ಟೆರಿಕಾಟಿಗೆ ಅರ್ಧಾ ಹಿಡಿತೈತಿ, ಪಾಲಿಸ್ಟರ್‌ಗೆ ಏನ್ ಮಾಡಿದ್ರೂ ಹಿಡಿಯಂಗಿಲ್ರಿ." ಈ ಒಂದು ಮಾತಿಗೇ ಆ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಪಾಲಿಸ್ಟರ್‌ಗೆ ಬಣ್ಣ ಹಿಡಿಸಬೇಕಾದರೆ ಕಾರ್ಖಾನೆಗಳಲ್ಲಿ 130 ಡಿಗ್ರಿ ಶಾಖ, ಒತ್ತಡ ಎರಡೂ ಕೊಡುತ್ತಾರೆ, ಅದಕ್ಕೆ ಬೇರೆಯದೇ ಬಣ್ಣ ಇದೆ. ನಮ್ಮ ಒಲೆ ಮೇಲೆ ಆಗುವ ಕೆಲಸ ಅಲ್ಲ. ನಿಮ್ಮ ಬಟ್ಟೆ ಯಾವುದು ಅಂತ ಗೊತ್ತಾಗದಿದ್ದರೆ ಒಳಗಿನ ಹೊಲಿಗೆಯ ಅಂಚಿನಿಂದ ಬಟ್ಟೆಯ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ದೀಪಕ್ಕೆ ಹಿಡಿಯಿರಿ. ಹತ್ತಿ ಕಾಗದದ ವಾಸನೆ ಕೊಟ್ಟು ಸುಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಗುಂಡಿನ ಹಾಗೆ ತುದಿಯಲ್ಲಿ ನಿಲ್ಲುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ.

ಈಗ ಕುದಿಸುವ ಪುಡಿ. ಬಳಸುವುದು ಸುಲಭ, ಕುದಿಯುವ ನೀರು, ಉಪ್ಪು, ಪುಡಿ, ಮುಕ್ಕಾಲು ಗಂಟೆ ಕೈಯಾಡಿಸುತ್ತಾ ಇರಬೇಕು ಅಷ್ಟೇ. ಹೊರಗೆ ತೆಗೆದಾಗ ಬಣ್ಣ ಗಾಢವಾಗಿ ಕಂಡು ಖುಷಿಯಾಗುತ್ತದೆ. ಆದರೆ ಈ ಬಣ್ಣ ನೂಲಿನೊಳಗೆ ಸುಮ್ನೆ ಕೂತಿರುತ್ತದೆ, ಬೆಸುಗೆ ಆಗಿರುವುದಿಲ್ಲ. ಹಾಗಾಗಿ ಪ್ರತಿ ಒಗೆತಕ್ಕೂ ಬಿಡುತ್ತದೆ, ಬಕೆಟ್ಟಿನಲ್ಲಿ ಜೊತೆಗಿದ್ದ ಬನಿಯನ್ನಿಗೂ ಹತ್ತುತ್ತದೆ. ನಮ್ಮ ಮನೆಯ ಮರೂನ್ ಕುರ್ತಾ ಬೇಸಿಗೆ ಮುಗಿಯುವಷ್ಟರಲ್ಲಿ ಇಟ್ಟಂಗಿಯ ಬಣ್ಣಕ್ಕೆ ಬಂತು. ಒಂದು ಒಳ್ಳೆಯ ಗುಣ ಇದೆ. ಎಲ್ಲಾ ಬಟ್ಟೆಗೂ ಅಂತ ಮಾರುವ ಪೊಟ್ಟಣಗಳಲ್ಲಿ ರೇಷ್ಮೆ, ನೈಲಾನ್ ಹಿಡಿಯುವ ಬಣ್ಣವನ್ನೂ ಬೆರೆಸಿರುತ್ತಾರೆ, ಹಾಗಾಗಿ ಹಳೇ ನೈಲಾನ್ ದುಪಟ್ಟಾಕ್ಕೆ ಇದು ಆದೀತು. ಹತ್ತಿಗೆ ಬೇಡ.

ತಣ್ಣೀರಿನ ಪುಡಿ ಬೇರೆ ಜಾತಿಯದು. ಅಂಗಡಿಯವರು ಪ್ರೋಸಿಯಾನ್ ಅಂತ ಕರೆಯುತ್ತಾರೆ. ಅದು ಬ್ರಿಟನ್ನಿನ ಐಸಿಐ ಕಂಪನಿ 1956ರಲ್ಲಿ ಮೊದಲ ಸಲ ಮಾರಾಟಕ್ಕೆ ತಂದ ಬಣ್ಣಗಳ ಹೆಸರು, ಈಗ ಯಾರು ತಯಾರಿಸಿದರೂ ಪೇಟೆಯಲ್ಲಿ ಅದೇ ಹೆಸರು ಓಡುತ್ತದೆ. ಸೋಡಾ ಬಿದ್ದ ಕೂಡಲೇ ಈ ಬಣ್ಣ ಹತ್ತಿಯ ಎಳೆಗೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ, ಆಮೇಲೆ ಎಷ್ಟು ಒಗೆದರೂ ಬಿಡುವುದಿಲ್ಲ. ಒಲೆ ಹಚ್ಚುವುದೂ ಬೇಡ. ನಮ್ಮ ಬೇಸಿಗೆಯ ನಲ್ಲಿ ನೀರಿನ ಬಿಸಿ ಸಾಕು, ಚಳಿಗಾಲದಲ್ಲಿ ಮಾತ್ರ ಕೈಗೆ ಬೆಚ್ಚಗೆ ಹತ್ತುವಷ್ಟು ಕಾಯಿಸಿಕೊಳ್ಳಿ.

ಎರಡು ಅಂಗಿಗೆ, ಅಂದರೆ ಹೆಚ್ಚೂಕಮ್ಮಿ ಅರ್ಧ ಕಿಲೋ ಒಣ ಬಟ್ಟೆಗೆ, 10 ಲೀಟರ್ ನೀರು, ಅರ್ಧ ಕಿಲೋ ಉಪ್ಪು, 200 ಗ್ರಾಂ ವಾಷಿಂಗ್ ಸೋಡಾ, 15ರಿಂದ 20 ಗ್ರಾಂ ಪುಡಿ. ಕಪ್ಪು ಬೇಕಾದರೆ ಪುಡಿ ಇದರ ದುಪ್ಪಟ್ಟು ಹಾಕಬೇಕು, ಕಡಿಮೆ ಹಾಕಿದರೆ ಕಪ್ಪಿನ ಬದಲು ನೇರಳೆ ಮಿಶ್ರಿತ ಬೂದಿ ಬಣ್ಣ ಬರುತ್ತದೆ. ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ, ಯಾಕಂದರೆ ಹಿಟ್ಟಿಗಿಂತ ನುಣ್ಣಗಿದ್ದು ಗಾಳಿಗೆ ಹಾರುತ್ತದೆ, ಉಸಿರಿನಲ್ಲಿ ಹೋಗಬಾರದು. ಬಟ್ಟೆಯನ್ನು ಒದ್ದೆ ಮಾಡಿಯೇ ಇಳಿಸಿ. ಉಪ್ಪು, ಕಲಸಿದ ಬಣ್ಣ ಎರಡೂ ಸೇರಿಸಿದ ನೀರಿನಲ್ಲಿ ಕಾಲು ಗಂಟೆ ಆಡಿಸಿದ ಮೇಲೆ ಬಟ್ಟೆಯನ್ನು ಒಂದು ಪಕ್ಕಕ್ಕೆ ಸರಿಸಿ, ಬೇರೆ ಪಾತ್ರೆಯಲ್ಲಿ ಕರಗಿಸಿದ ಸೋಡಾ ನೀರನ್ನು ಸೇರಿಸಿ. ಇನ್ನೊಂದು ಗಂಟೆ ಬಿಡಿ, ಆಗಾಗ ತಿರುವಿ. ಅಡುಗೆ ಸೋಡಾದಿಂದ ಆಗುವುದಿಲ್ಲ, ಅದರ ಕ್ಷಾರ ಸಾಲದು. ಜರ್ಮನ್ ಪಾತ್ರೆ, ಅಂದರೆ ಅಲ್ಯೂಮಿನಿಯಂನದು, ಬೇಡ, ಸೋಡಾ ಅದನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಬಕೆಟ್ ಇಲ್ಲಾ ಸ್ಟೀಲ್ ಪಾತ್ರೆ, ಅದೂ ಮತ್ತೆ ಅಡುಗೆಗೆ ಬಳಸದಂಥದ್ದು. ಬೋರಿನ ಸವಳು ನೀರಿಗೆ ಸೋಡಾ ಬಿದ್ದರೆ ಸುಣ್ಣದ ಬಿಳಿ ಕೆಸರು ಕೂಡುತ್ತದೆ, ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ನಲ್ಲಿ ನೀರು ಬಂದ ದಿನ ಈ ಕೆಲಸ ಇಟ್ಟುಕೊಳ್ಳಿ.

ತಾಳ್ಮೆ ಬೇಕಾದದ್ದು ತೊಳೆಯುವಾಗ. ಎಳೆಗೆ ಕೂಡದೆ ಉಳಿದ ಬಣ್ಣವೆಲ್ಲಾ ಹೊರಗೆ ಹೋಗಬೇಕು. ಮೊದಲು ತಣ್ಣೀರು, ಮತ್ತೆ ತಣ್ಣೀರು, ಆಮೇಲೆ ಚುರುಕು ಬಿಸಿ ಸಾಬೂನು ನೀರು. ಮೊದಲ ಬಕೆಟ್ಟು ಮಸಿಯ ಹಾಗೆ, ಆಮೇಲಿನದು ನೀಲಿ, ಕೊನೆಗೆ ತಳದ ಗೆರೆ ಕಾಣುವಷ್ಟು ತಿಳಿ. ಅಲ್ಲಿಯವರೆಗೆ ನಿಲ್ಲಿಸಬೇಡಿ. ಈ ಪುಡಿ ಬಿಡುತ್ತದೆ ಅಂತ ದೂರುವವರಲ್ಲಿ ಹೆಚ್ಚಿನವರು ಇಲ್ಲೇ ಅವಸರ ಮಾಡಿರುತ್ತಾರೆ. ಆ ನೀರನ್ನು ಗಿಡಕ್ಕೆ ಹಾಕಬೇಡಿ, ಉಪ್ಪು, ಸೋಡಾ ಎರಡೂ ಬೇರಿಗೆ ಕೆಟ್ಟದ್ದು.

ನೇವಿ ಬ್ಲೂ ಹಾಕಿದ ನಮ್ಮ ಅಂಗಿ ಈಗ ಹೇಗಿದೆ ಅಂದರೆ, ಬಟ್ಟೆ ಪೂರಾ ಒಂದೇ ಸಮ ನೀಲಿ, ಕಾಲರ್, ತೋಳು, ಜೇಬಿನ ಸುತ್ತ ಹೊಲಿಗೆಯ ಗೆರೆ ಮಾತ್ರ ಬೆಳ್ಳಗೆ ಹಾಗೇ ಉಳಿದಿದೆ. ಹೊಲಿಗೆ ದಾರ ಪಾಲಿಸ್ಟರ್, ಅದಕ್ಕೆ ಹಿಡಿಯಲಿಲ್ಲ. ನೋಡಿದವರು ಬೇಕೆಂದೇ ಹಾಕಿಸಿದ ಡಿಸೈನ್ ಅಂದುಕೊಳ್ಳುತ್ತಾರೆ, ನಿಜಕ್ಕೂ ಚೆಂದ ಕಾಣುತ್ತದೆ. ಎಷ್ಟೋ ಒಗೆತ ಆಗಿದೆ, ಜೊತೆಯ ಬಿಳಿ ಬಟ್ಟೆಗೆ ಒಂದು ಚುಕ್ಕೆ ಹತ್ತಿಲ್ಲ.

ಒಂದು ಮಾತು ಮನಸ್ಸಿನಲ್ಲಿಡಿ. ಬಣ್ಣ ಕಲೆಯನ್ನು ಮುಚ್ಚುವುದಿಲ್ಲ, ಅದರ ಮೇಲೆ ಸೇರಿಕೊಳ್ಳುತ್ತದೆ. ಹಳದಿ ಮಚ್ಚೆಯ ಮೇಲೆ ನೀಲಿ ಬಿದ್ದರೆ ಹಸಿರು ಮಚ್ಚೆ. ಎಣ್ಣೆ ಜಿಡ್ಡು ಇದ್ದರೆ ಅಲ್ಲಿ ಬಣ್ಣ ಹಿಡಿಯುವುದೇ ಇಲ್ಲ. ಆದ್ದರಿಂದ ಮೊದಲು ಕಲೆಯನ್ನು ಎಷ್ಟಾಗುತ್ತದೋ ಅಷ್ಟು ಇಳಿಸಿಕೊಳ್ಳಬೇಕು. ಮಾಯಕ್ಕನ ಜಾತ್ರೆಯಲ್ಲೋ ಬೀರದೇವರ ಜಾತ್ರೆಯಲ್ಲೋ ಭಂಡಾರದ ಅರಿಶಿನ ಹತ್ತಿದ್ದರೆ ಚಿಂತೆ ಬೇಡ, ಸಾಬೂನು ಹಚ್ಚಿದಾಗ ಅರಿಶಿನ ಕೆಂಪಾಗುವುದನ್ನು ನೋಡಿ ಹೆದರಬೇಡಿ, ಚೆನ್ನಾಗಿ ಜಾಲಿಸಿ ಒದ್ದೆಯಿರುವಾಗಲೇ ಬಿಸಿಲಿಗೆ ಹಾಕಿ, ಬಿಸಿಲು ಅರಿಶಿನದ ಬಣ್ಣವನ್ನು ತಾನೇ ತಿಂದು ಹಾಕುತ್ತದೆ. ಎಣ್ಣೆ ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿನೀರು ಬಿದ್ದರೆ ಅದು ಕೂತುಬಿಡುತ್ತದೆ.

ಹೋಳಿ ಬಣ್ಣಕ್ಕೆ ಇದೆಲ್ಲಾ ಸಾಲದು. ಅದಕ್ಕೆ ಅದೇ ಅಂಗಡಿಯಲ್ಲಿ ಹೈಡ್ರೋಸ್ ಅನ್ನುವ, ಬಟ್ಟೆಯ ಬಣ್ಣ ತೆಗೆಯುವ ಪುಡಿ ಸಿಗುತ್ತದೆ. ರಬಕವಿ-ಬನಹಟ್ಟಿ, ಇಳಕಲ್ಲ ಕಡೆ ನೂಲಿಗೆ ಬಣ್ಣ ಹಾಕುವವರಿಗೆ ಇದು ಹೊಸದಲ್ಲ. ಹತ್ತಿ ಬಟ್ಟೆಯನ್ನು ಬಿಸಿನೀರಿನಲ್ಲಿ ಮುಳುಗಿಸಿ, ಸ್ವಲ್ಪ ಹೈಡ್ರೋಸ್ ಹಾಕಿ ಮುಚ್ಚಿಟ್ಟರೆ ಹೆಚ್ಚಿನ ಮಚ್ಚೆಗಳು ಕಣ್ಣೆದುರೇ ತೆಳ್ಳಗಾಗುತ್ತವೆ. ಗಂಧಕದ ಕೆಟ್ಟ ವಾಸನೆ ಬರುತ್ತದೆ, ಹಿತ್ತಿಲಲ್ಲೇ ಮಾಡಿ. ಡಬ್ಬಿಗೆ ಹನಿ ನೀರು ತಾಕಬಾರದು, ತೇವ ಆದರೆ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಲೂಬಹುದು. ಬ್ಲೀಚಿನ ಜೊತೆ ಯಾವತ್ತೂ ಬೆರೆಸಬೇಡಿ. ಬ್ಲೀಚಿನ ಮಾತು ಬಂತು, ರೇಷ್ಮೆ, ಉಣ್ಣೆಗೆ ಅದನ್ನು ಹಾಕಿದರೆ ನೂಲೇ ಹಾಳಾಗುತ್ತದೆ. ಸಂಡಾಸು ತೊಳೆಯುವ ಆಸಿಡ್ಡಿನ ಜೊತೆ ಸೇರಿದರೆ ವಿಷದ ಗಾಳಿ ಹೊರಡುತ್ತದೆ.

ಇಳಕಲ್ ಸೀರೆಯನ್ನು ದಯವಿಟ್ಟು ಈ ಬಕೆಟ್ಟಿಗೆ ಇಳಿಸಬೇಡಿ. ಹಳೇ ಪದ್ಧತಿಯ ಸೀರೆಯಲ್ಲಿ ಒಡಲು ಹತ್ತಿ, ಟೋಪ ತೆನಿ ಅನ್ನುವ ಸೆರಗು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಒಡಲಿಗೆ ಒಂದು ಬಣ್ಣ, ಸೆರಗಿಗೆ ಇನ್ನೊಂದು ಬಣ್ಣ ಹಿಡಿಯುತ್ತದೆ, ಸೋಡಾದಿಂದ ರೇಷ್ಮೆಯ ಹೊಳಪು ಹೋಗುತ್ತದೆ. ಸೆರಗಿನ ಕೆಂಪು ಒಡಲಿಗೆ ಹತ್ತಿದ್ದರೆ ಒಣಗಲು ಬಿಡದೆ ತಣ್ಣೀರಿನಲ್ಲಿ ಜಾಲಿಸುತ್ತಾ ಇರಿ, ಮುಂದಿನದನ್ನು ಸೀರೆ ನೇಯುವವರ ಹತ್ತಿರ ಕೇಳಿ.

ಕೊಳ್ಳಲು ಹೋಗುವವರಿಗೆ: ಹೋಳಿಯ ಮುಂಚೆಯೇ ಹೋಗಿ, ಹಬ್ಬ ಮುಗಿದ ಮೇಲೆ ನೇವಿ ಬ್ಲೂ, ಕಪ್ಪು ಎರಡೂ ಖಾಲಿ. ತಣ್ಣೀರಿನದು ಅಂತ ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಸುಮ್ನೆ ಕುದಿಸುವ ಪೊಟ್ಟಣ ಕೈಗಿಡುತ್ತಾರೆ. ಬೇಕಾದಷ್ಟೇ ತೂಗಿಸಿಕೊಂಡು, ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಒಣ ಜಾಗದಲ್ಲಿಡಿ, ಬಹಳ ದಿನ ಕೆಡುವುದಿಲ್ಲ. ಸೋಡಾ ಹಾಕಿ ಕಲಸಿದ ನೀರನ್ನು ಮಾತ್ರ ನಾಳೆಗೆ ಅಂತ ಎತ್ತಿಡಬೇಡಿ, ಅದರ ಶಕ್ತಿ ಅವತ್ತೇ ಮುಗಿದಿರುತ್ತದೆ.